ಒಳಗೆ ಬಿಡುವ ಮುನ್ನ

2004ರ ಸುಮಾರಿಗೆ, ಓಡುತ್ತಿರುವ ಸರ್ವರ್ ಒಂದರ ಕರ್ನಲ್ ಒಳಗೆ ಏನು ನಡೆಯುತ್ತಿದೆ ಎಂದು ನೋಡಬೇಕಾದರೆ ಮೊದಲು ಬೇಕಾಗುತ್ತಿದ್ದದ್ದು ಸಹಿ. ನಮ್ಮ ಮ್ಯಾನೇಜರ್ ಸಹಿ, ಗಿರಾಕಿ ಕಂಪನಿಯವರ ಸಹಿ, ಕೆಲವೊಮ್ಮೆ ಅವರ ಮೇಲಿನವರದ್ದೂ. ಶನಿವಾರ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ ಮೆಷಿನ್ ನಿಮ್ಮದು, ಅಷ್ಟರಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ಸೋಮವಾರ ವ್ಯವಹಾರ ಶುರುವಾಗುವಾಗ ಅದು ಎದ್ದು ನಿಂತಿರಬೇಕು. ಒಪ್ಪಂದ ಇಷ್ಟೇ. ತೊಂದರೆ ಏನೆಂದರೆ, ಗಿರಾಕಿ ದೂರು ಕೊಟ್ಟಿದ್ದ ನಿಧಾನಗತಿ ಕಾಣಿಸುತ್ತಿದ್ದದ್ದು ಮಂಗಳವಾರ ಮಧ್ಯಾಹ್ನ, ಸಾವಿರಾರು ಜನ ಒಟ್ಟಿಗೆ ಬಂದಾಗ. ಶನಿವಾರ ರಾತ್ರಿ ಆ ಮೆಷಿನ್ ಆರೋಗ್ಯವಾಗಿಯೇ ಇರುತ್ತಿತ್ತು.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ನಡುಭಾಗ. ಡಿಸ್ಕ್, ನೆಟ್‌ವರ್ಕ್, ಮೆಮೊರಿ, ಯಾವ ಪ್ರೋಗ್ರಾಂ ಯಾವಾಗ ಓಡಬೇಕು ಎಂಬ ತೀರ್ಮಾನ, ಎಲ್ಲವೂ ಅದರ ಕೈಯಲ್ಲಿ. ಸಾಮಾನ್ಯ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿದರೆ ಕರ್ನಲ್ ಅದನ್ನು ಎತ್ತಿ ಹೊರಗೆ ಹಾಕುತ್ತದೆ, ಉಳಿದವು ನಡೆಯುತ್ತಿರುತ್ತವೆ. ಕರ್ನಲ್ಲೇ ಹಾಗೆ ಮಾಡಿದರೆ ಎತ್ತಿ ಹಾಕಲು ಅದರ ಮೇಲೆ ಯಾರೂ ಇಲ್ಲ. ಬಹಳಷ್ಟು ಸಲ ಆಗುವುದು ಪ್ಯಾನಿಕ್: ಇಡೀ ಮೆಷಿನ್ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಅದರೊಳಗೆ ಒಂದು ಸಾಲು ಸೇರಿಸಲೂ ಜನ ಹೆದರುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ತಂಡದ ಹಿರಿಯರು ಕಲಿಸಿದ ವಿಧಾನ ಸರಳವಾಗಿತ್ತು. "ಪ್ರಿಂಟ್ ಹಾಕಮ್ಮ, ಬಿಲ್ಡ್ ಮಾಡು, ಬೂಟ್ ಮಾಡು, ಕಾಯಿ." ಕರ್ನಲ್ ಸೋರ್ಸ್‌ನಲ್ಲಿ ಅನುಮಾನ ಬಂದ ಜಾಗದಲ್ಲಿ ಪ್ರಿಂಟ್‌ಕೆ ಎಂಬ ಸಾಲು ಬರೆದು, ಕರ್ನಲ್ ಪೂರ್ತಿ ಮತ್ತೆ ಕಟ್ಟಿ, ಮೆಷಿನ್ ರೀಬೂಟ್ ಮಾಡುವುದು. ಪಕ್ಕದಲ್ಲಿ ಇನ್ನೊಂದು ಮೆಷಿನ್, ನಡುವೆ ಸೀರಿಯಲ್ ಕೇಬಲ್; ಮೊದಲನೆಯದು ಸಾಯುವ ಮುನ್ನ ಉಗುಳಿದ ಸಾಲುಗಳನ್ನು ಎರಡನೆಯದು ಹಿಡಿದಿಡಬೇಕು. ರೀಬೂಟ್ ಮಾಡಿದ ಕೂಡಲೇ ಅರ್ಧ ದೋಷಗಳು ಮಾಯವಾಗುತ್ತಿದ್ದವು, ಏಕೆಂದರೆ ವಾರಗಟ್ಟಲೆ ಓಡಿ ಮೆಮೊರಿ ಚೂರುಚೂರಾಗಿದ್ದ ಸ್ಥಿತಿಯಲ್ಲಿ ಮಾತ್ರ ಅವು ಹುಟ್ಟುತ್ತಿದ್ದವು.

ಆ ಭಯ ನಮಗೆ ಶಿಸ್ತು ಕಲಿಸಿತು, ಕೋಡ್ ಓದುವುದನ್ನು ಕಲಿಸಿತು ಎನ್ನುವವರು ನನ್ನ ವಯಸ್ಸಿನವರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಭಯ ನಮಗೆ ಕಲಿಸಿದ್ದು ನೋಡದೇ ಇರುವುದನ್ನು. 'ಲೋಡ್ ಹೆಚ್ಚಾಗಿದ್ದರಿಂದ' ಎಂದು ವರದಿ ಬರೆದು, ಇನ್ನಷ್ಟು ರ‍್ಯಾಮ್ ಹಾಕಿಸಿ ಎಂದು ಸಲಹೆ ಕೊಟ್ಟು ಮುಚ್ಚಿದ ದೂರುಗಳೇ ಜಾಸ್ತಿ. ಅವುಗಳಲ್ಲಿ ಎಷ್ಟಕ್ಕೆ ರ‍್ಯಾಮ್ ನಿಜವಾದ ಉತ್ತರವಾಗಿತ್ತೋ ಆ ದೇವರಿಗೇ ಗೊತ್ತು.

ರೀಬೂಟ್ ಇಲ್ಲದೆ ಒಳಗೆ ನೋಡುವ ದಾರಿ ಲಿನಕ್ಸ್‌ಗೆ ಬಂದದ್ದು 2004ರ ಅಕ್ಟೋಬರ್‌ನಲ್ಲಿ, 2.6.9 ಆವೃತ್ತಿಯ ಜೊತೆ. ಹೆಸರು ಕೆಪ್ರೋಬ್ಸ್. ಅದರ ಬಹುಪಾಲು ಕೆಲಸ ನಡೆದದ್ದು ಬೆಂಗಳೂರಿನಲ್ಲೇ, ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನಲ್ಲಿ. ಮೊದಲ ರೂಪ ಬರೆದ ವಂಶಿ ಕೃಷ್ಣ ಎಸ್. ಅವರ ಹೆಸರು ಸೋರ್ಸ್ ಫೈಲಿನ ತಲೆಯಲ್ಲಿ 2002ರ ಅಕ್ಟೋಬರ್ ಎಂಬ ತಾರೀಖಿನ ಜೊತೆ ಇದೆ. ನಿರ್ವಾಹಕರ ಪಟ್ಟಿಯಲ್ಲಿ ಅನಂತ್ ಎನ್. ಮಾವಿನಕಾಯನಹಳ್ಳಿ ಎಂಬ ಹೆಸರು ವರ್ಷಗಟ್ಟಲೆ ಇತ್ತು. ಇಡೀ ಜಗತ್ತಿನ ಸರ್ವರ್‌ಗಳಿಗೆ ಹೋಗುವ ಫೈಲಿನಲ್ಲಿ ಆ ಉದ್ದನೆಯ ಹೆಸರನ್ನು ನೋಡಿ ನಾವು ಕೆಲವರು ಖುಷಿಪಟ್ಟದ್ದು ನಿಜ.

ಕೆಪ್ರೋಬ್ಸ್ ಮಾಡುವ ಕೆಲಸ ಮೇಲುನೋಟಕ್ಕೆ ಎದೆಗಾರಿಕೆಯದು. ಕರ್ನಲ್‌ನ ಯಾವುದೋ ಫಂಕ್ಷನ್‌ನ ಮೊದಲ ಸೂಚನೆಯನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಂಡು, ಅದರ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಸೂಚನೆಯನ್ನು ಕೂರಿಸುತ್ತದೆ. ಇಂಟೆಲ್ ಚಿಪ್‌ಗಳಲ್ಲಿ ಅದು ಒಂದೇ ಬೈಟ್. ಪ್ರೊಸೆಸರ್ ಅಲ್ಲಿಗೆ ಬಂದಾಗ ಎಡವಿ, ನಾವು ಬರೆದ ಹ್ಯಾಂಡ್ಲರ್‌ಗೆ ಬರುತ್ತದೆ. ಅದು ಮುಗಿದ ಮೇಲೆ ನಕಲು ಮಾಡಿಟ್ಟ ಸೂಚನೆಯನ್ನು ನಡೆಸಿ ತನ್ನ ದಾರಿ ಹಿಡಿಯುತ್ತದೆ. ಓಡುತ್ತಿರುವ ಮೆಷಿನ್‌ಗೆ ಇದು ಗೊತ್ತೇ ಆಗುವುದಿಲ್ಲ. ಹೀಗೆ ಹಾಕಿದ ಕೊಂಡಿಗೇ ಪ್ರೋಬ್ ಎನ್ನುವುದು.

ಆದರೆ ಹ್ಯಾಂಡ್ಲರ್ ಬರೆಯುವವರು ನಾವು, ಅದೂ ಸಿ ಭಾಷೆಯಲ್ಲಿ, ಕರ್ನಲ್ ಮಾಡ್ಯೂಲ್ ಆಗಿ. ಒಳಗೆ ಹೋದ ಮೇಲೆ ಅದಕ್ಕೂ ಕರ್ನಲ್‌ಗೂ ಭೇದವಿಲ್ಲ. ಒಂದು ನಲ್ ಪಾಯಿಂಟರ್ ಮುಟ್ಟಿದರೆ ಬ್ಯಾಂಕಿನ ಸರ್ವರ್ ಮಲಗಬಹುದು, ಲೂಪ್ ಮುಗಿಯದಿದ್ದರೆ ಆ ಪ್ರೊಸೆಸರ್ ಮತ್ತೆ ಹಿಂದಿರುಗುವುದಿಲ್ಲ. ಪ್ರೋಬ್‌ನ ಸ್ವಂತ ಕೆಲಸಕ್ಕೇ ಬೇಕಾದ ಕೆಲವು ಫಂಕ್ಷನ್‌ಗಳ ಮೇಲೆ ಪ್ರೋಬ್ ಹಾಕದಂತೆ ಒಂದು ನಿಷೇಧದ ಪಟ್ಟಿ ಇತ್ತು, ಅಷ್ಟೇ. ನಮ್ಮ ಹ್ಯಾಂಡ್ಲರ್ ಒಳಗೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ದಾರಿ ತೆರೆದರೂ ಸಹಿ ಸಂಗ್ರಹ ನಿಲ್ಲಲಿಲ್ಲ. 'ಇದನ್ನು ಬರೆದವರು ಯಾರು?' ಎಂದು ಕೇಳುತ್ತಿದ್ದರು. ಹಿರಿಯರ ಹೆಸರು ಹೇಳಿದರೆ ಬಿಡುತ್ತಿದ್ದರು, ನಮ್ಮದು ಹೇಳಿದರೆ ಬಿಡುತ್ತಿರಲಿಲ್ಲ. ಕೋಡ್ ಎರಡೂ ಒಂದೇ ಆಗಿರುತ್ತಿತ್ತು.

ಅದೇ ಹೊತ್ತಿಗೆ ಸನ್ ಕಂಪನಿಯವರು ಡಿಟ್ರೇಸ್ ತಂದರು. ಬ್ರಯನ್ ಕ್ಯಾಂಟ್ರಿಲ್, ಮೈಕ್ ಶಪೀರೋ, ಆಡಮ್ ಲೆವೆಂಥಾಲ್ ಮೂವರು 2004ರಲ್ಲಿ ಅದರ ಪ್ರಬಂಧ ಪ್ರಕಟಿಸಿದರು, 2005ರ ಜನವರಿಯಲ್ಲಿ ಸೊಲಾರಿಸ್ 10ರ ಜೊತೆ ಅದು ಎಲ್ಲರ ಕೈಗೆ ಬಂತು. ಪ್ರೊಡಕ್ಷನ್ ಮೆಷಿನ್ ಮೇಲೆ ಹಾಡುಹಗಲಲ್ಲೇ ಓಡಿಸಿ, ಏನೂ ಆಗುವುದಿಲ್ಲ ಎಂಬುದು ಅವರ ಘೋಷಣೆ. ಅದರ ಡಿ ಭಾಷೆಯಲ್ಲಿ ಲೂಪ್ ಇರಲಿಲ್ಲ. ಫಾರ್ ಇಲ್ಲ, ವೈಲ್ ಇಲ್ಲ. ಲೂಪ್ ಇಲ್ಲದ್ದು ಅದೆಂಥ ಭಾಷೆ ಎಂದು ನಮ್ಮ ಲಿನಕ್ಸ್ ಗುಂಪಿನಲ್ಲಿ ಕಾಫಿ ಕುಡಿಯುತ್ತಾ ನಕ್ಕದ್ದುಂಟು. ಆದರೆ ಅವರು ಲೂಪ್ ಬಿಟ್ಟದ್ದು ಲೆಕ್ಕ ಹಾಕಿಯೇ. ಬರೆದದ್ದನ್ನು ಒಂದು ಮಧ್ಯಂತರ ರೂಪಕ್ಕೆ ಇಳಿಸಿ ಕರ್ನಲ್‌ಗೆ ಕೊಡುತ್ತಿದ್ದರು. ಕರ್ನಲ್ ಅದನ್ನು ಸೂಚನೆ ಸೂಚನೆಯಾಗಿ ಓದಿ, ಹಿಂದಕ್ಕೆ ಹಾರುವ ಜಂಪ್ ಒಂದು ಕಂಡರೂ ಬೇಡವೆನ್ನುತ್ತಿತ್ತು. ಮುಂದಕ್ಕೆ ಮಾತ್ರ ಹೋಗಬಲ್ಲದ್ದು ಎಂದಾದರೂ ಮುಗಿಯಲೇಬೇಕು.

ಲಿನಕ್ಸ್ ಕಡೆಯ ಉತ್ತರ ಸಿಸ್ಟಮ್‌ಟ್ಯಾಪ್. 2005ರಲ್ಲಿ ರೆಡ್ ಹ್ಯಾಟ್, ಐಬಿಎಂ, ಇಂಟೆಲ್ ಸೇರಿ ಶುರುಮಾಡಿದ್ದು. ಅದರ ಸ್ಕ್ರಿಪ್ಟ್ ಭಾಷೆಯಲ್ಲಿ ಲೂಪ್ ಇತ್ತು, ಅರೇ ಇತ್ತು, ನಾವು ಕೇಳಿದ್ದೆಲ್ಲ ಇತ್ತು. ಸ್ಕ್ರಿಪ್ಟನ್ನು ಅದು ಸಿ ಭಾಷೆಗೆ ತರ್ಜುಮೆ ಮಾಡಿ, ಕಂಪೈಲ್ ಮಾಡಿ, ಮಾಡ್ಯೂಲ್ ಆಗಿ ಒಳಗೆ ತಳ್ಳುತ್ತಿತ್ತು. ತರ್ಜುಮೆ ಮಾಡುವಾಗಲೇ ಕಾವಲು ಸೇರಿಸುತ್ತಿತ್ತು: ಸೊನ್ನೆಯಿಂದ ಭಾಗಿಸುವ ಮುನ್ನ ಪರೀಕ್ಷೆ, ಒಂದು ಪ್ರೋಬ್‌ನಲ್ಲಿ 1000 ಹೇಳಿಕೆ ದಾಟಿದರೆ ನಿಲ್ಲಿಸುವ ಎಣಿಕೆ. ಕಾವಲೇ ಬೇಡ, ಸ್ವಂತ ಸಿ ಕೋಡ್ ಬರೆಯುತ್ತೇನೆ ಎನ್ನುವವರಿಗೆ ಗುರು ಮೋಡ್. ಗಿರಾಕಿಯ ಮೆಷಿನ್ ಮೇಲೆ ಕಂಪೈಲರ್ ಬೇಕು, ಆ ಕರ್ನಲ್‌ಗೇ ಹೊಂದುವ ದೊಡ್ಡ ಡೀಬಗ್ ಮಾಹಿತಿಯ ಪ್ಯಾಕೇಜ್ ಬೇಕು. ಅದನ್ನು ಹಾಕಿಸಲು ಇನ್ನೊಂದು ಸುತ್ತು ಸಹಿ.

ಸಿಸ್ಟಮ್‌ಟ್ಯಾಪ್ ನನಗೆ ಬಹಳ ಅನ್ನ ಹಾಕಿದೆ, ಬೈಯುವ ಇಷ್ಟವಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಅಲ್ಲಿ ಪರೀಕ್ಷೆ ನಡೆಯುತ್ತಿದ್ದದ್ದು ಕರ್ನಲ್‌ನ ಹೊರಗೆ. ಕೊನೆಗೆ ಬಾಗಿಲಿಗೆ ಬರುತ್ತಿದ್ದದ್ದು ಒಂದು ಮಾಡ್ಯೂಲ್. ಅದನ್ನು ಎಚ್ಚರದ ತರ್ಜುಮೆಗಾರ ಮಾಡಿದ್ದೋ, ನಿದ್ದೆಗಣ್ಣಿನ ಎಂಜಿನಿಯರ್ ಬರೆದದ್ದೋ ಎಂದು ತಿಳಿಯುವ ಯಾವ ಉಪಾಯವೂ ಕರ್ನಲ್‌ಗೆ ಇರಲಿಲ್ಲ. ತರ್ಜುಮೆಗಾರನಲ್ಲಿ ಒಂದು ಲೋಪವಿದ್ದರೆ ಅದು ನೇರವಾಗಿ ಒಳಗೆ.

ಈಗ ಹಿಂದಿರುಗಿ ನೋಡಿದರೆ ತಮಾಷೆ ಅನ್ನಿಸುವುದು ಬೇರೆ ಸಂಗತಿ. ಬಾಗಿಲಲ್ಲೇ ಪರೀಕ್ಷೆ ಮಾಡುವ ಉಪಾಯ ನಮ್ಮ ಮೂಗಿನ ಕೆಳಗೇ ಇತ್ತು. 1993ರ ಜನವರಿಯಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸ್ಟೀವನ್ ಮೆಕ್ಯಾನ್ ಮತ್ತು ವ್ಯಾನ್ ಜೇಕಬ್‌ಸನ್ ಒಂದು ಪ್ರಬಂಧ ಓದಿದರು: ಬಿಎಸ್‌ಡಿ ಪ್ಯಾಕೆಟ್ ಫಿಲ್ಟರ್, ಅಂದರೆ ಬಿಪಿಎಫ್. ನೆಟ್‌ವರ್ಕ್ ಮೇಲೆ ಹರಿಯುವ ಪ್ಯಾಕೆಟ್‌ಗಳಲ್ಲಿ ಬೇಕಾದವನ್ನು ಮಾತ್ರ ಆರಿಸಲು ಬಳಕೆದಾರ ಕೊಟ್ಟ ಪುಟ್ಟ ಪ್ರೋಗ್ರಾಂ ಕರ್ನಲ್ ಒಳಗೇ ಓಡುವ ಏರ್ಪಾಡು. ಎರಡೇ ರಿಜಿಸ್ಟರ್, 16 ಪದಗಳ ಮೆಮೊರಿ. ಓಡಿಸುವ ಮುನ್ನ ಕರ್ನಲ್ ಅದನ್ನು ಒಮ್ಮೆ ಓದುತ್ತಿತ್ತು: ಜಂಪ್ ಎಲ್ಲವೂ ಮುಂದಕ್ಕೇ, ಪ್ರೋಗ್ರಾಂನ ಒಳಗೇ ಇಳಿಯುತ್ತವೆಯೇ, 16 ಪದಗಳ ಆಚೆ ಮುಟ್ಟುವುದಿಲ್ಲವೇ, ಕೊನೆಯ ಸೂಚನೆ ರಿಟರ್ನ್ ಹೌದೇ. ಪರೀಕ್ಷೆ ಒಂದು ಪುಟ ದಾಟುತ್ತಿರಲಿಲ್ಲ. 90ರ ದಶಕದ ಕೊನೆಗೆ ಲಿನಕ್ಸ್‌ಗೂ ಬಂತು. ನಾವು ದಿನವೂ ಟಿಸಿಪಿಡಂಪ್ ಓಡಿಸುವಾಗ ನಡೆಯುತ್ತಿದ್ದದ್ದು ಅದೇ. ಟಿಸಿಪಿಡಂಪ್‌ಗೆ ಮೈನಸ್ ಡಿ ಎಂದು ಕೊಟ್ಟರೆ ಆ ಪ್ರೋಗ್ರಾಂ ಕಣ್ಣಿಗೇ ಕಾಣುತ್ತಿತ್ತು. ಅದಕ್ಕೆ ಯಾವ ಗಿರಾಕಿಯೂ ಅನುಮತಿ ಪತ್ರ ಕೇಳಲಿಲ್ಲ. ಪ್ಯಾಕೆಟ್ ನೋಡುವುದಕ್ಕೆ ಒಪ್ಪುವ ಉಪಾಯ ಡಿಸ್ಕ್ ನೋಡುವುದಕ್ಕೂ ಒಪ್ಪಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅಲೆಕ್ಸಿ ಸ್ಟಾರೊವೊಯ್ಟೊವ್ ಅವರಿಗೆ. ಎರಡು ರಿಜಿಸ್ಟರ್ ಇದ್ದ ಆ ಹಳೆಯ ಯಂತ್ರವನ್ನು ಅವರು ಹನ್ನೊಂದಕ್ಕೆ ಹಿಗ್ಗಿಸಿದರು. 512 ಬೈಟ್ ಸ್ಟ್ಯಾಕ್, ಲೆಕ್ಕ ಕೂಡಿಡಲು ಮ್ಯಾಪ್, ಕರ್ನಲ್ ತಾನೇ ಒದಗಿಸುವ ಹೆಲ್ಪರ್ ಫಂಕ್ಷನ್‌ಗಳು. 2014ರ ಕೊನೆಗೆ ಬಂದ 3.18 ಆವೃತ್ತಿಯಲ್ಲಿ ವೆರಿಫೈಯರ್ ಎಂಬ ಫೈಲ್ ಮೊದಲ ಬಾರಿಗೆ ಕಾಣಿಸಿಕೊಂಡಿತು. 2015ರ ಮಧ್ಯದಲ್ಲಿ 4.1 ಬಂದಾಗ ಈ ಪ್ರೋಗ್ರಾಂಗಳನ್ನು ಕೆಪ್ರೋಬ್‌ಗೆ ಅಂಟಿಸಬಹುದಾಯಿತು. ಬೆಂಗಳೂರಿನ ಹಳೆಯ ಕೊಂಡಿಯೇ, ಆದರೆ ಅದಕ್ಕೆ ನೇತುಹಾಕುವ ಸಾಮಾನನ್ನು ಈಗ ಒಬ್ಬ ಪರೀಕ್ಷಕ ನೋಡಿ ಒಳಗೆ ಬಿಡುತ್ತಾನೆ.

ಈ ಪರೀಕ್ಷಕ ಹೇಗೆ ಕೆಲಸ ಮಾಡುತ್ತಾನೆ ಎಂಬುದು ನನಗೆ ಸರಿಯಾಗಿ ತಿಳಿದದ್ದು ತಂಡದ ಒಬ್ಬ ಹುಡುಗಿಯ ಪಕ್ಕ ಕೂತಾಗ. ಡಿಸ್ಕ್ ಎಷ್ಟು ಹೊತ್ತಿಗೆ ಉತ್ತರ ಕೊಡುತ್ತಿದೆ ಎಂದು ಅಳೆಯುವ ಸಣ್ಣ ಪ್ರೋಗ್ರಾಂ ಅವಳದ್ದು. ಕೋರಿಕೆ ಹೊರಟಾಗ ಹೊತ್ತನ್ನು ಮ್ಯಾಪ್‌ನಲ್ಲಿ ಬರೆದಿಡು, ಮುಗಿದಾಗ ಹುಡುಕಿ ತೆಗೆ, ಕಳೆ, ಲೆಕ್ಕಕ್ಕೆ ಸೇರಿಸು. ಲೋಡ್ ಮಾಡಿದರೆ ನಿರಾಕರಣೆ: ಆರ್0 ಇನ್‌ವ್ಯಾಲಿಡ್ ಮೆಮ್ ಆಕ್ಸೆಸ್, ಮ್ಯಾಪ್ ವ್ಯಾಲ್ಯೂ ಆರ್ ನಲ್.

"ಮೇಡಂ, ಹೊರಟಿದ್ದೇ ಮುಗಿಯೋದು. ಬರೆದಿಟ್ಟಿದ್ದು ಅಲ್ಲಿ ಇದ್ದೇ ಇರುತ್ತೆ. ನಲ್ ಹೇಗೆ ಬರುತ್ತೆ?"

"ಅದು ನಿಂಗೆ ಗೊತ್ತು. ಅದಕ್ಕೆ ಹೇಗೆ ಗೊತ್ತಾಗ್ಬೇಕು?"

ವೆರಿಫೈಯರ್ ಪ್ರೋಗ್ರಾಮನ್ನು ಓಡಿಸುವುದಿಲ್ಲ, ಓಡಿದರೆ ಏನಾದೀತು ಎಂದು ದಾರಿ ದಾರಿಯಾಗಿ ನಡೆದು ನೋಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಪ್ರತಿ ರಿಜಿಸ್ಟರ್‌ನಲ್ಲಿ ಯಾವ ಜಾತಿಯ ವಸ್ತು ಇದೆ ಎಂದು ಬರೆದುಕೊಳ್ಳುತ್ತದೆ: ಬರೀ ಸಂಖ್ಯೆಯೋ, ಸ್ಟ್ಯಾಕ್‌ನ ವಿಳಾಸವೋ, ಮ್ಯಾಪ್‌ನೊಳಗಿನ ವಿಳಾಸವೋ, ಇನ್ನೂ ಏನನ್ನೂ ತುಂಬಿಲ್ಲವೋ. ಮ್ಯಾಪ್‌ನಲ್ಲಿ ಹುಡುಕಿದ ಉತ್ತರಕ್ಕೆ 'ವಿಳಾಸ, ಇಲ್ಲವೇ ನಲ್' ಎಂಬ ಚೀಟಿ. ಮುಂದೆ 'ಸೊನ್ನೆಯೇ?' ಎಂಬ ಇಫ್ ಬಂದರೆ ದಾರಿ ಎರಡಾಗುತ್ತದೆ. ಸೊನ್ನೆಯಲ್ಲದ ಕವಲಿನಲ್ಲಿ ಆ ಚೀಟಿ ಹರಿದು 'ವಿಳಾಸ' ಎಂಬ ಹೊಸ ಚೀಟಿ ಅಂಟುತ್ತದೆ, ಅಲ್ಲಿಂದ ಮುಂದೆ ಮಾತ್ರ ಆ ಮೆಮೊರಿ ಮುಟ್ಟಬಹುದು. ಸಂಖ್ಯೆಗಳಿಗೂ ಹೀಗೆಯೇ: ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಒಂದೊಂದು ಬಿಟ್ಟೂ ಸೊನ್ನೆಯೋ ಒಂದೋ ಗೊತ್ತಿಲ್ಲವೋ. ಖಜಾನೆಯ ಹಳೆಯ ಗುಮಾಸ್ತರು ಬಿಲ್ಲಿನ ಮೇಲೆ ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಿದ್ದರಲ್ಲ, ಖರ್ಚು ಸುಳ್ಳೆಂದಲ್ಲ, ವೋಚರ್ ಇಲ್ಲವೆಂದು, ಅದೇ ಸ್ವಭಾವ.

ಇಫ್ ಸೇರಿಸಿದಳು, ಆ ಆಕ್ಷೇಪಣೆ ಹೋಯಿತು. ಮರುಕ್ಷಣ ಇನ್ನೊಂದು ಬಂತು. ಅರೇಯ ಇಂಡೆಕ್ಸ್ ಮಿತಿಯೊಳಗಿದೆ ಎಂದು ಅವಳು ಸ್ಪಷ್ಟವಾಗಿ ಪರೀಕ್ಷಿಸಿದ್ದಳು. ಕಂಪೈಲರ್ ತನ್ನ ಜಾಣತನದಲ್ಲಿ ಒಂದು ರಿಜಿಸ್ಟರನ್ನು ಪರೀಕ್ಷಿಸಿ ಅದರ ನಕಲನ್ನು ಇನ್ನೊಂದರಲ್ಲಿ ಬಳಸಿತ್ತು. ಎರಡೂ ಒಂದೇ ಎಂಬುದರ ಜಾಡು ವೆರಿಫೈಯರ್‌ಗೆ ತಪ್ಪಿಹೋಗಿತ್ತು. ನೂರಾರು ಸಾಲಿನ ಲಾಗ್ ಓದುತ್ತಾ ಮಧ್ಯಾಹ್ನ ಪೂರ್ತಿ ಕಳೆಯಿತು. ಕೊನೆಗೆ ಇಂಡೆಕ್ಸ್‌ಗೆ ಒಂದು ಮಾಸ್ಕ್ ಹಾಕಿ ಸಾಗಹಾಕಿದೆವು. ಅಗತ್ಯವಿಲ್ಲದ ಸೂಚನೆ, ಪರೀಕ್ಷಕನ ಸಮಾಧಾನಕ್ಕೆಂದೇ ಬರೆದದ್ದು. ಈ ಕಸುಬಿನಲ್ಲಿರುವ ಎಲ್ಲರ ಬಳಿಯೂ ಇಂಥ ಮಂತ್ರಗಳ ಒಂದು ಚೀಲವಿದೆ: ಇಲ್ಲಿ ವೊಲಟೈಲ್ ಹಾಕು, ಅಲ್ಲಿ ಅನ್‌ರೋಲ್ ಮಾಡು, ಫಂಕ್ಷನ್ ಒಡೆದು ನೋಡು. ಇದರಲ್ಲಿ ಕಳೆದುಹೋಗುವ ಹೊತ್ತು ನಿಜವಾದ ನಷ್ಟವೇ. ಯಾವುದೇ ಪ್ರೋಗ್ರಾಂ ಸುರಕ್ಷಿತವೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ತೀರ್ಮಾನಿಸಬಲ್ಲ ಪರೀಕ್ಷಕನನ್ನು ಕಟ್ಟಲಾಗದು ಎಂದು ಗಣಿತ ಎಂದೋ ಹೇಳಿಯಾಗಿದೆ. ಆದ್ದರಿಂದ ಅನುಮಾನ ಬಂದಾಗ ಇದು ಬೇಡವೆನ್ನುತ್ತದೆ. ಕೆಟ್ಟದ್ದನ್ನು ಬಿಡುವ ಬದಲು ಒಳ್ಳೆಯ ಕೆಲವನ್ನೂ ತಡೆಯುವ ಆಯ್ಕೆ.

ಲೂಪ್‌ನ ಕಥೆಯೂ ಇಲ್ಲಿ ಮರುಕಳಿಸಿತು. ಮೊದಮೊದಲು ಹಿಂದಕ್ಕೆ ಜಂಪ್ ಕಂಡರೆ ನಿರಾಕರಣೆ, ಪ್ರೋಗ್ರಾಂನ ಉದ್ದ 4096 ಸೂಚನೆ ಮೀರಬಾರದು. ಡಿ ಭಾಷೆಯನ್ನು ನೋಡಿ ನಕ್ಕಿದ್ದ ನಾವೇ ಲೂಪನ್ನು ಕೈಯಾರೆ ಬಿಡಿಸಿ ಬರೆದೆವು. 2019ರಲ್ಲಿ 5.2 ಆವೃತ್ತಿ ಈ ಮಿತಿಯನ್ನು ಪರೀಕ್ಷೆಯ ವೇಳೆ ನಡೆದು ನೋಡುವ 10 ಲಕ್ಷ ಸೂಚನೆಗಳಿಗೆ ಏರಿಸಿತು, 5.3 ಮುಗಿಯುತ್ತದೆಂದು ತೋರಿಸಬಲ್ಲ ಲೂಪ್‌ಗಳನ್ನು ಒಪ್ಪಿತು. ಒಪ್ಪುವ ಬಗೆಯೂ ಗುಮಾಸ್ತಿಕೆಯದೇ. ಒಂದೊಂದು ಸುತ್ತನ್ನೂ ತಾನೇ ನಡೆದು ಎಣಿಸುತ್ತದೆ, 10 ಲಕ್ಷ ದಾಟಿದರೆ ಕೈಚೆಲ್ಲುತ್ತದೆ.

ಪರೀಕ್ಷಕನ ಮೇಲೆಯೇ ಕುರುಡು ನಂಬಿಕೆ ಇಡುವ ಹಾಗೂ ಇಲ್ಲ. 2014ರಲ್ಲಿ ಸುಮಾರು 2,000 ಸಾಲು ಇದ್ದ ಆ ಫೈಲ್ ಈಗ 20,000 ದಾಟಿದೆ, ಅದೂ ಸಿ ಭಾಷೆಯಲ್ಲೇ. 2017ರ ಡಿಸೆಂಬರ್‌ನಲ್ಲಿ ಗೂಗಲ್ ಪ್ರಾಜೆಕ್ಟ್ ಝೀರೋದ ಯಾನ್ ಹಾರ್ನ್ ತೋರಿಸಿದ ದೋಷ ನೋಡಿ. 32 ಬಿಟ್‌ನ ಋಣಸಂಖ್ಯೆಯನ್ನು 64 ಬಿಟ್‌ಗೆ ಹಿಗ್ಗಿಸುವಾಗ ವೆರಿಫೈಯರ್ ಒಂದು ಬಗೆಯಲ್ಲಿ ಲೆಕ್ಕ ಹಾಕುತ್ತಿತ್ತು, ನಿಜವಾಗಿ ಓಡುವಾಗ ಇನ್ನೊಂದು ಬಗೆಯಲ್ಲಿ ನಡೆಯುತ್ತಿತ್ತು. ಹಾಗಾಗಿ ಒಂದು ಕವಲಿನತ್ತ ಪ್ರೋಗ್ರಾಂ ಹೋಗುವುದೇ ಇಲ್ಲ ಎಂದು ಅದು ಆ ಕಡೆ ತಲೆಹಾಕಲಿಲ್ಲ. ಪ್ರೋಗ್ರಾಂ ಹೋದದ್ದು ಅಲ್ಲಿಗೇ. ಸಾಮಾನ್ಯ ಬಳಕೆದಾರನೊಬ್ಬ ಈ ದಾರಿಯಿಂದ ಮೆಷಿನ್‌ನ ಯಜಮಾನನಾಗಬಹುದಿತ್ತು. 2020ರ ಪ್ವನ್‌ಟುಓನ್ ಸ್ಪರ್ಧೆಯಲ್ಲಿ ಮ್ಯಾನ್‌ಫ್ರೆಡ್ ಪಾಲ್ ಅದೇ ಜಾತಿಯ ಇನ್ನೊಂದು ಲೆಕ್ಕದ ತಪ್ಪನ್ನು ಬಳಸಿ ಉಬುಂಟುವನ್ನು ಗೆದ್ದರು. ಈಗ ಸಾಮಾನ್ಯ ಬಳಕೆದಾರರಿಗೆ ಇಂಥ ಪ್ರೋಗ್ರಾಂ ಲೋಡ್ ಮಾಡುವ ಸೌಲಭ್ಯ ಬಹುತೇಕ ಎಲ್ಲೆಡೆ ಮುಚ್ಚಿದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಹರಿಶಂಕರ್ ವಿಶ್ವನಾಥನ್, ಶ್ರೀನಿವಾಸ ನಾರಾಯಣ, ಸಂತೋಷ್ ನಾಗರಕಟ್ಟೆ ಮತ್ತು ಸಂಗಡಿಗರು ವೆರಿಫೈಯರ್‌ನ ಲೆಕ್ಕಗಳನ್ನೇ ಗಣಿತದಿಂದ ಸಾಧಿಸುವ ಕೆಲಸ ಹಿಡಿದಿದ್ದಾರೆ. ಅವರು ರೂಪಿಸಿದ ಗುಣಾಕಾರದ ವಿಧಾನ ಕರ್ನಲ್ ಸೇರಿದೆ. ಪರೀಕ್ಷಕನ ಪರೀಕ್ಷೆ ಎಂದರೆ ನಗುವವರಿದ್ದಾರೆ. ನನಗೆ ಇದು ಆ ಇಡೀ ಸಾಲಿನಲ್ಲೇ ಗಂಭೀರವಾದ ಕೆಲಸವಾಗಿ ಕಾಣುತ್ತದೆ.

2024ರ ಜುಲೈ 19ರಂದು ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸಿ ಬಿದ್ದಾಗ, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರಲ್ಲ, ಅಂದು ಹಳೆಯ ಸಹೋದ್ಯೋಗಿಗಳ ಫೋನ್‌ಗಳು ಬಿಡುವಿಲ್ಲದೆ ಬಂದವು. ಕ್ರೌಡ್‌ಸ್ಟ್ರೈಕ್ ಕಂಪನಿ ತನ್ನ ಕರ್ನಲ್ ಡ್ರೈವರ್‌ಗೆ ಕಳಿಸಿದ ಒಂದು ಫೈಲ್ 21ನೆಯ ಅಂಶವನ್ನು ಕೇಳುತ್ತಿತ್ತು, ಡ್ರೈವರ್ ಬಳಿ ಇದ್ದದ್ದು 20. ಇಲ್ಲದ್ದನ್ನು ಓದಹೋಗಿ ಬಿತ್ತು. ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಮೆಷಿನ್‌ಗಳು. ಕಂಪನಿಯ ಬಳಿ ಪರೀಕ್ಷಕ ಇರಲಿಲ್ಲವೆಂದಲ್ಲ, ಇತ್ತು. ಅದು ಕಂಪನಿಯ ಮನೆಯಲ್ಲಿತ್ತು, ಅದರಲ್ಲೂ ಒಂದು ದೋಷವಿತ್ತು. ಕರ್ನಲ್‌ನ ಬಾಗಿಲಲ್ಲಿ ಕೇಳುವವರು ಇರಲಿಲ್ಲ. ನಮ್ಮ ಸಿಸ್ಟಮ್‌ಟ್ಯಾಪ್ ಕಾಲದ ಏರ್ಪಾಡೇ, ಪ್ರಮಾಣ ಮಾತ್ರ ಬೇರೆ.

ಇಷ್ಟೆಲ್ಲ ಹೇಳಿ, ವೆರಿಫೈಯರ್ ಒಪ್ಪಿದ ಪ್ರೋಗ್ರಾಂ ಸರಿಯಾದ ಉತ್ತರ ಕೊಡುತ್ತದೆಂದು ಯಾರಾದರೂ ತಿಳಿದರೆ ಕಷ್ಟ. ಅದು ಮೆಮೊರಿ ಕೆಡಿಸುವುದಿಲ್ಲ, ಮುಗಿಯುತ್ತದೆ, ಅಷ್ಟೇ ಭರವಸೆ. ಸೆಕೆಂಡಿಗೆ ಲಕ್ಷಾಂತರ ಸಲ ಕರೆಯುವ ಫಂಕ್ಷನ್ ಮೇಲೆ ಪ್ರೋಬ್ ಹಾಕಿ ಮೆಷಿನ್ ಕುಂಟುವಂತೆ ಮಾಡಬಹುದು. ನೀವು ಹುಡುಕುವ ಫಂಕ್ಷನನ್ನು ಕಂಪೈಲರ್ ಬೇರೊಂದರೊಳಗೆ ಕರಗಿಸಿದ್ದರೆ ಆ ಕರೆಗಳು ಪ್ರೋಬ್‌ಗೆ ಕಾಣುವುದೇ ಇಲ್ಲ. ಪರದೆಯ ಮೇಲೆ ಸೊನ್ನೆ ನೋಡಿ 'ಇಲ್ಲಿ ತೊಂದರೆಯಿಲ್ಲ' ಎಂದು ಬರೆದ ವರದಿಗಳನ್ನು ನಾನೇ ತಿರುಗಿ ಕಳಿಸಿದ್ದೇನೆ. ಹಿಂದೆ ಕೇಳಲು ಹೆದರುತ್ತಿದ್ದೆವು, ಈಗ ಯೋಚಿಸದೆ ಕೇಳುತ್ತೇವೆ. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಎರಡನೆಯದನ್ನೇ ಆರಿಸುವೆ. ಡೇಟಾಬೇಸ್ ನೋಡಿಕೊಳ್ಳುವ ಹುಡುಗ ಕರ್ನಲ್ ಸೋರ್ಸ್ ಒಂದು ಸಾಲೂ ಓದದೆ, ಮಂಗಳವಾರ ಮಧ್ಯಾಹ್ನ, ಬಿಪಿಎಫ್‌ಟ್ರೇಸ್ ಎಂಬ ಸಾಧನದಲ್ಲಿ ಒಂದು ಸಾಲು ಬರೆದು ಡಿಸ್ಕ್‌ನ ಹಿಸ್ಟೋಗ್ರಾಂ ಮುಂದಿಟ್ಟು 'ಮೇಡಂ, ಇದು ನಮ್ಮ ಕ್ವೆರಿ ಅಲ್ಲ' ಎನ್ನುತ್ತಾನೆ. ಹತ್ತರಲ್ಲಿ ಏಳು ಸಲವಾದರೂ ಅವನ ಮಾತು ಸರಿ ಇರುತ್ತದೆ.

ಸಹಿ ಮಾತ್ರ ಪೂರ್ತಿ ಹೋಗಿಲ್ಲ, ವೇಷ ಬದಲಿಸಿದೆ. ಲಕ್ಷ ಸಾಲಿನ ಡ್ರೈವರ್ ಒಂದು ಅದೇ ಮೆಷಿನ್‌ನ ಕರ್ನಲ್ ಒಳಗೆ ಬರುವಾಗ ಕರ್ನಲ್ ಕೇಳುವುದು ಹೆಚ್ಚೆಂದರೆ ಡಿಜಿಟಲ್ ಸಹಿಯನ್ನು. ನಲವತ್ತು ಸಾಲಿನ ಅಳತೆಯ ಪ್ರೋಗ್ರಾಂಗೆ ಮಾತ್ರ ರಿಜಿಸ್ಟರ್ ರಿಜಿಸ್ಟರ್ ತಪಾಸಣೆ. ಆ ಹುಡುಗಿ ಇದನ್ನೇ ಹಿಡಿದು ಕೇಳಿದಳು, ಡ್ರೈವರ್‌ಗಳನ್ನೂ ಹೀಗೇ ಪರೀಕ್ಷಿಸಿದರೆ ಏನು ಎಂದು. ಅವು ಕಾಯುತ್ತವೆ, ನಿದ್ರಿಸುತ್ತವೆ, ಬೇರೆಯವರ ಮೆಮೊರಿ ಹಂಚಿಕೊಳ್ಳುತ್ತವೆ, 10 ಲಕ್ಷ ಹೆಜ್ಜೆಯಲ್ಲಿ ಅವುಗಳ ಅಂಗಳವನ್ನೂ ದಾಟಲಾಗದು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ. 2024ರ ನವೆಂಬರ್‌ನ 6.12 ಆವೃತ್ತಿಯಿಂದ ಯಾವ ಪ್ರೋಗ್ರಾಂಗೆ ಪ್ರೊಸೆಸರ್ ಕೊಡಬೇಕೆಂದು ನಿರ್ಧರಿಸುವ ಶೆಡ್ಯೂಲರನ್ನೇ ಬಿಪಿಎಫ್‌ನಲ್ಲಿ ಬರೆದು ಲೋಡ್ ಮಾಡಬಹುದಲ್ಲ, ಅದು ಯಾರನ್ನಾದರೂ ಬಹಳ ಹೊತ್ತು ಕಾಯಿಸಿದರೆ ಕರ್ನಲ್ ಅದನ್ನು ಕಿತ್ತು ಹಾಕಿ ಹಳೆಯದಕ್ಕೇ ಮರಳುತ್ತದಲ್ಲ, ಅಲ್ಲಿ ಆದದ್ದು ಇಲ್ಲಿ ಏಕಾಗಬಾರದು ಎಂದಳು. ಪ್ರಶ್ನೆ ಸರಿಯಾದದ್ದೇ. ಸದ್ಯ ಅವಳು ಸ್ವಂತ ಶೆಡ್ಯೂಲರ್ ಒಂದನ್ನು ಬರೆಯುತ್ತಿದ್ದಾಳೆ. ಮೊದಲು ಆ ಡಿಸ್ಕ್‌ನ ವರದಿ ಮುಗಿಸು ಎಂದಿದ್ದೇನೆ.